ಮುರಿದ ಟೊಂಗೆಗೆ ಯಾವ ಪಿನ್ನು?

ನಾವು ಅಂದ್ರೆ ಒಂದೇ ರೂಮಿನ ಮೂರು ಮಂದಿ. ಮೂವರೂ ಮೆಕ್ಯಾನಿಕಲ್, ಮೂವರೂ ಇಂಗ್ಲಿಷ್ ಮೀಡಿಯಂ. ಆದ್ದರಿಂದ ಕನ್ನಡದಲ್ಲಿ ತಪ್ಪಾದರೆ ಮೂರು ಪಾಲು ಮಾಡಿ ಬೈಯಿರಿ. ಈ ಕಥೆಯ ಗಿಡ ನಮ್ಮ ಪೈಕಿ ಒಬ್ಬನ ಅವ್ವಂದು. ಯಾರ ಅವ್ವ ಅಂತ ಬರೆಯಬಾರದು ಅಂತ ಒಪ್ಪಂದ ಆಗೇದ, ಯಾಕಂದ್ರೆ ಗಿಡ ಮುರಿದವರು ಮೂವರೂ.

ಬಬಲೇಶ್ವರದ ಅವರ ಮನೆಯ ಮಾಳಿಗೆ ಮೇಲೆ ಒಂದು ಆಲದ ಗಿಡ ಇದೆ. ಅವ್ವನ ತವರುಮನೆ ಕೆಡವುವಾಗ ಗೋಡೆಯ ಸಂದಿಯಲ್ಲಿ ಹುಟ್ಟಿದ್ದ ಸಸಿಯನ್ನು ಅವಳು ಬೇರುಸಮೇತ ಕಿತ್ತು ತಂದು, ಅರ್ಧಕ್ಕೆ ಕೊಯ್ದ ಎಣ್ಣೆ ಡಬ್ಬಿಯಲ್ಲಿ ನೆಟ್ಟಿದ್ದಳು. ಒಂಬತ್ತು ವರ್ಷ ಅದೇ ಡಬ್ಬಿ. ಜಾಗ ಇಲ್ಲದ್ದಕ್ಕೆ ಗಿಡ ಗಿಡ್ಡಾಗಿಯೇ ಉಳಿದು, ಕಾಂಡ ಮಾತ್ರ ಮುಂಗೈ ದಪ್ಪ ಆಗಿತ್ತು. ಕೆಳಗೆ ಎಡಕ್ಕೆ ಒಂದು ಟೊಂಗೆ ಅಡ್ಡ ಚಾಚಿತ್ತು. ಅದರ ಮೇಲೆ ಅವ್ವ ಬೆಳಿಗ್ಗೆ ಒದ್ದೆ ಅರಿವೆ ಹರವೋದು.

ಮೊದಲ ಸೆಮಿಸ್ಟರ್ ಮುಗಿದ ಫೆಬ್ರವರಿಯಲ್ಲಿ ನಾವು ಹೋದೆವು. "ಅವ್ವಾ, ಇದು ಬೋನ್ಸಾಯ್! ಬೆಂಗಳೂರಾಗ ಇದಕ್ಕ ಸಾವಿರಾರು ರೂಪಾಯಿ ಕೊಡ್ತಾರ" ಅಂತ ಹೇಳಿದೆವು. ಟೊಂಗೆ ಇನ್ನೂ ಸ್ವಲ್ಪ ಕೆಳಗೆ ಬಾಗಿದರೆ ಫೋಟೋದಲ್ಲಿ ಇರೋ ಹಾಗೆ ಆಗುತ್ತದೆ ಅನ್ನಿಸಿ, ಸೆಂಟ್ರಿಂಗ್‌ಗೆ ಬಳಸುವ ಬೈಂಡಿಂಗ್ ವೈರ್ ಸುತ್ತಿ ಎಳೆದೆವು. ಟೊಂಗೆ ಬುಡದಲ್ಲೇ ಸೀಳಿ ಕೈಗೆ ಬಂತು. ಬಿಳಿ ಹಾಲು ಸುರಿಯಿತು. ಅವ್ವ ಏನೂ ಅನ್ನಲಿಲ್ಲ. ಮುರಿದ ಟೊಂಗೆ ತಗೊಂಡು ಹೋಗಿ ಇನ್ನೊಂದು ಡಬ್ಬಿಯ ಮಣ್ಣಲ್ಲಿ ಚುಚ್ಚಿ, "ಹೋಗ್ಲಿ ಬಿಡ್ರೋ, ಗಿಡಾನ ಅಲ್ಲ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಓದಿ ತಿಳಕೊಂಡದ್ದು: ಅದೇ ಜಾಗದಲ್ಲಿ ಹೊಸ ಟೊಂಗೆ ಕೂಡಿಸೋಕೆ ದಾರಿ ಇದೆ. ಗಿಡದ ಮೇಲಿನ ಉದ್ದನೆಯ ಚಿಗುರನ್ನು ಕತ್ತರಿಸದೆ ಹಾಗೇ ಬಗ್ಗಿಸಿ ತರಬೇಕು. ಕಾಂಡದಲ್ಲಿ ಒಂದು ಗಾಡಿ ಕೊರೆದು, ಚಿಗುರಿನ ಒಂದು ಮೈ ಕೆರೆದು, ಗಾಡಿಯಲ್ಲಿ ಮಲಗಿಸಿ ಒತ್ತಿ ಹಿಡಿಯಬೇಕು. ತೊಗಟೆಯ ಕೆಳಗೆ ಕ್ಯಾಂಬಿಯಂ ಅಂತ ತೆಳ್ಳಗಿನ ಜೀವಂತ ಪದರ ಇರ್ತದೆ. ಎರಡರ ಕ್ಯಾಂಬಿಯಂ ಒಂದಕ್ಕೊಂದು ಒತ್ತಿಕೊಂಡು ಅಲುಗಾಡದೆ ತಿಂಗಳುಗಟ್ಟಲೆ ಇದ್ದರೆ ಕೂಡಿಕೊಳ್ಳುತ್ತವೆ. ಚಿಗುರು ತಾಯಿಬೇರಿನಿಂದಲೇ ನೀರು ಕುಡಿಯುತ್ತಿರುವುದರಿಂದ ಕೆಲಸ ಕೆಟ್ಟರೂ ಸಾಯೋದಿಲ್ಲ. ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ತೊಂದರೆ ಇರೋದು "ಒತ್ತಿ ಹಿಡಿಯಬೇಕು" ಅನ್ನೋ ಮಾತಲ್ಲಿ. ಯಾವುದರಿಂದ?

ಮಾರ್ಚಿನಲ್ಲಿ ಡ್ರಾಯಿಂಗ್ ಪಿನ್ ಹಾಕಿದೆವು. ಅಂಗಡಿಯವರು ಹಿತ್ತಾಳೆದು ಅಂದಿದ್ದರು. ಆಯಸ್ಕಾಂತ ಹಿಡಿದರೆ ಟಪ್ ಅಂತ ಅಂಟಿತು. ಕಬ್ಬಿಣಕ್ಕೆ ಹಿತ್ತಾಳೆ ಬಣ್ಣ ಅಷ್ಟೇ. ಎರಡು ವಾರಕ್ಕೆ ತುಕ್ಕು, ಸುತ್ತ ಮರ ಕಪ್ಪಾಯಿತು, ಪಿನ್ನು ಸಡಿಲ. ಫೋಟೋ ಫ್ರೇಮ್ ಅಂಗಡಿಯ ಸಣ್ಣ ಮೊಳೆ ತಂದೆವು. ಸುತ್ತಿಗೆಯ ಒಂದೊಂದು ಏಟಿಗೂ ಚಿಗುರು ಗಾಡಿಯಿಂದ ಎದ್ದು ಕೂತಿತು, ಕೊನೆಗೆ ಮೊಳೆ ಚಿಗುರನ್ನೇ ಸೀಳಿತು. ಜೂನಿನಲ್ಲಿ ಕೇಬಲ್ ಟೈ. ಅದು ಗಟ್ಟಿ ಹಿಡಿಯಿತು, ಆದರೆ ಮಳೆ ಬಿದ್ದು ಆಲ ಬೆಳೆಯಿತು, ಟೈ ಬೆಳೆಯಲಿಲ್ಲ. ನಾವು ಬರೋ ಹೊತ್ತಿಗೆ ಕಾಂಡದೊಳಗೆ ಹೂತುಹೋಗಿತ್ತು. ಆ ಗುರುತು ಈಗಲೂ ಇದೆ. ಬಿಚ್ಚಿ ನೋಡಿದರೆ ಗಾಯ ಮಾತ್ರ ಮಾಯ್ದಿತ್ತು, ಟೊಂಗೆ ಕೂಡಿರಲಿಲ್ಲ.

ಈ ನಡುವೆ ಅವ್ವ ಡಬ್ಬಿಯಲ್ಲಿ ಚುಚ್ಚಿದ ಮುರುಕು ಟೊಂಗೆ ಬೇರು ಬಿಟ್ಟು ನಾಲ್ಕು ಎಲೆ ಒಡೆದಿತ್ತು. ಪಿನ್ನಿಲ್ಲ, ಟೈ ಇಲ್ಲ, ಇಂಜಿನಿಯರಿಂಗೂ ಇಲ್ಲ.

ಸೆಪ್ಟೆಂಬರಿನಲ್ಲಿ ತಿಕೋಟಾದ ಪರಿಚಯದವರ ಹೊಲದಲ್ಲಿ ದ್ರಾಕ್ಷಿಗೆ ಕಸಿ ಕಟ್ಟುತ್ತಿದ್ದಾರೆ ಅಂತ ತಿಳಿದು ಹೋದೆವು. ನಮ್ಮ ಕಡೆ ದ್ರಾಕ್ಷಿ ಬಳ್ಳಿ ಸ್ವಂತ ಬೇರಿನ ಮೇಲೆ ನಿಲ್ಲೋದು ಕಡಿಮೆ. ಕೆಳಗೆ ಡಾಗ್‌ರಿಜ್ ಅನ್ನೋ ಅಮೆರಿಕದ ಟೆಕ್ಸಾಸ್ ಮೂಲದ ಕಾಡುಬಳ್ಳಿ. ಸವಳು ನೀರು, ಬರ ಎರಡನ್ನೂ ತಡೀತದೆ. ಮೇಲೆ ಥಾಮ್ಸನ್ ಸೀಡ್‌ಲೆಸ್, ಮಾಣಿಕ್ ಚಮನ್‌ನಂಥ ತಳಿ. ಪೇಟೆಯ ಒಣದ್ರಾಕ್ಷಿಯ ಹಿಂದೆ ಇಂಥ ಒಂದು ಗಂಟು ಇರ್ತದೆ ಅಂತ ನಮಗೆ ಹತ್ತೊಂಬತ್ತು ವರ್ಷ ಗೊತ್ತೇ ಇರಲಿಲ್ಲ.

ಕಸಿ ಕಟ್ಟುವ ಕಾಕಾ ಕುಕ್ಕರಗಾಲಲ್ಲಿ ಕೂತು ಕಾಡುಬಳ್ಳಿ ಕತ್ತರಿಸಿ, ನಡುವೆ ಸೀಳಿ, ಬೆಣೆ ಹಾಗೆ ಕೆತ್ತಿದ ಕಡ್ಡಿ ಇಳಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಮುಂದಿನ ಬಳ್ಳಿಗೆ ಹೋಗುತ್ತಿದ್ದರು. ನಾವು ಪಿನ್ನಿನ ವಿಷಯ ಕೇಳಿದ್ದಕ್ಕೆ ನಕ್ಕರು. "ಮೊಳಿ ಯಾಕ ಬೇಕು ತಮ್ಮಾ? ಸೀಳೇ ಹಿಡೀತೈತಿ."

ಬಸ್ಸಿನಲ್ಲಿ ಆ ಮಾತಿನ ಮೇಲೆ ಜಗಳ ಆಯಿತು. ಒಬ್ಬ ಪಿನ್ನೇ ಬೇಡ ಅಂದ. ಆದರೆ ಕಾಕಾನ ಬಳ್ಳಿಯಲ್ಲಿ ಸೀಳು ಎರಡೂ ಕಡೆಯಿಂದ ಚಿಮಟದ ಹಾಗೆ ಒತ್ತುತ್ತದೆ. ನಮ್ಮದರಲ್ಲಿ ಮುಂಗೈ ದಪ್ಪ ಕಾಂಡ, ಪೆನ್ಸಿಲ್‌ಗಿಂತ ಸಣ್ಣ ಚಿಗುರು. ಚಿಗುರು ಗಾಡಿಯೊಳಗೆ ಕೂಡಲೇ ಪಟ್ಟಿ ಅದರ ಮೇಲೆ ಸೇತುವೆ ಹಾಗೆ ದಾಟಿ ಹೋಗುತ್ತದೆ, ಮುಟ್ಟೋದೇ ಇಲ್ಲ. ಅಂದರೆ ಕಾಕಾನ ಮಾತು ದ್ರಾಕ್ಷಿಗೆ ನಿಜ, ನಮಗೆ ಪಿನ್ನು ಬೇಕೇ ಬೇಕು. ಆದರೆ ಚಿಗುರನ್ನು ಚುಚ್ಚುವ ಪಿನ್ನಲ್ಲ.

ಸರಿಯಾದದ್ದು ಹೊಳೆದದ್ದು ಎರಡು ಕಡೆಯಿಂದ. ಪರಿಚಯದ ಒಬ್ಬ ಮೆಡಿಕಲ್ ವಿದ್ಯಾರ್ಥಿ ಕೆ-ವೈರ್ ಬಗ್ಗೆ ಹೇಳಿದ: ಬೆರಳಿನ ಎಲುಬು ಮುರಿದರೆ ಹಾಕುವ ನುಣುಪಾದ ಸ್ಟೀಲ್ ತಂತಿ, ಕೂಡಿದ ಮೇಲೆ ಎಳೆದು ತೆಗೀತಾರೆ. ಜರ್ಮನಿಯ ಕಿರ್ಶ್ನರ್ ಅನ್ನೋ ಸರ್ಜನ್ 1909ರಲ್ಲಿ ತಂದದ್ದಂತೆ. ಇನ್ನೊಂದು, ನಮ್ಮದೇ ಕ್ಲಾಸಿನ ಇಂಟರ್‌ಫಿಯರೆನ್ಸ್ ಫಿಟ್. ತೂತು ಸಣ್ಣದು, ಶಾಫ್ಟು ಅದಕ್ಕಿಂತ ಚೂರು ದಪ್ಪ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು, ಯಾವತ್ತೂ ಮುಟ್ಟಿ ನೋಡಿರಲಿಲ್ಲ.

ವೆಲ್ಡಿಂಗ್ ಅಂಗಡಿಯಲ್ಲಿ 1.2 ಎಂ.ಎಂ. ಸ್ಟೇನ್‌ಲೆಸ್ ವೈರ್ ತುಂಡು ಸಿಕ್ಕಿತು. ಆಯಸ್ಕಾಂತಕ್ಕೆ ಅಂಟಲಿಲ್ಲ, ಮೂವರೂ ಒಂದೊಂದು ಸಲ ಹಿಡಿದು ನೋಡಿದೆವು. ಅದನ್ನು ಯು ಆಕಾರಕ್ಕೆ ಬಗ್ಗಿಸಿದೆವು. ಎಲೆಕ್ಟ್ರಾನಿಕ್ಸ್ ಗೆಳೆಯರ ಹತ್ತಿರ ಪಿಸಿಬಿಗೆ ಬಳಸುವ 1 ಎಂ.ಎಂ. ಬಿಟ್ಟು ಮತ್ತು ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್ ಸಾಲ ತಂದೆವು. ಗಾಡಿಯನ್ನು ಚಿಗುರಿನ ಅಗಲಕ್ಕೆ ಸರಿಯಾಗಿ, ಆಳ ಚೂರು ಕಡಿಮೆ ಕೊರೆದೆವು. ಹಾಲನ್ನು ಒದ್ದೆ ಬಟ್ಟೆಯಿಂದ ಒರೆಸಿದೆವು. ಚಿಗುರಿನ ಆಚೆ ಒಂದು, ಈಚೆ ಒಂದು ತೂತು. ಚಿಗುರಿನ ಮೇಲೆ ಸೈಕಲ್ ಟ್ಯೂಬಿನ ತುಂಡು. ಅದರ ಮೇಲೆ ಯು ಇಟ್ಟು ಪಕ್ಕಡದಿಂದ ಮೆಲ್ಲಗೆ ಒತ್ತಿದೆವು. ಸುತ್ತಿಗೆ ಮುಟ್ಟಲಿಲ್ಲ. ಅವ್ವ ದೀಪ ಹಿಡಿದವಳ ಹಾಗೆ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದಳು. "ಫಾಸ್ಟನರ್‌ಗೆ ಕನ್ನಡದಾಗ ಏನಂತಾರ ಅವ್ವಾ?" ಅಂದ್ರೆ, "ಬಿಗಿ ಹಿಡಿಯೂದು ಅಂತ ಬರಕೋರಿ" ಅಂದಳು. ಮೂರು ಯು ಹಾಕಿದೆವು. ಮೇಲೆ ಕಾಕಾನ ಥರ ಪ್ಲಾಸ್ಟಿಕ್ ಪಟ್ಟಿ.

ಈ ಜನವರಿಯಲ್ಲಿ ವರ್ನಿಯರ್ ತಗೊಂಡು ಜಮಖಂಡಿ ಬಸ್ಸು ಹತ್ತಿದೆವು. ಕೂಡಿದೆಯೋ ಇಲ್ಲವೋ ತಿಳಿಯಲು ಚಿಗುರು ಗಾಡಿಗೆ ಹೋಗುವ ಕಡೆಗಿಂತ ಹೊರಬರುವ ಕಡೆ ದಪ್ಪ ಆಗಿದೆಯೇ ನೋಡಬೇಕು. ಆದರೆ ಆಚೆಯ ಭಾಗ ಕಾಂಡದಿಂದಲೂ ಕುಡಿಯುತ್ತಿದೆ ಅಂತ ಅರ್ಥ. ಹೋಗುವ ಕಡೆ 4.6 ಎಂ.ಎಂ., ಬರುವ ಕಡೆ 5.1. ಮೂರು ಸಲ ಅಳೆದೆವು, ಝೀರೋ ಎರರ್ ಕೂಡ ನೋಡಿದೆವು. ಯು ತಂತಿಗಳು ಹೊಳೆಯುತ್ತಿದ್ದವು, ಸುತ್ತ ಕಪ್ಪಾಗಿರಲಿಲ್ಲ.

"ಈಗ ಮ್ಯಾಲಿಂದು ಕಡೀತೀರೇನು?" ಅಂತ ಅವ್ವ ಕೇಳಿದಳು.

"ಇಲ್ಲವ್ವಾ, ಯುಗಾದಿ ಆಗಲಿ. ಇನ್ನಷ್ಟು ದಪ್ಪ ಆಗಲಿ."

"ಆಗಲಿ. ಆದರ ಕಡಿಯೂ ಮುಂದ ನಾ ಕಡೀತೀನಿ. ನೀವು ದೂರ ನಿಲ್ರಿ."