ಕುರ್ಚಿಯ ಕಸುಬು

ಕುರ್ಚಿಗಾಗಿ ಕಾದಾಡುವವರನ್ನು ನಾವೆಲ್ಲ ಬಲ್ಲೆವು; ಕುರ್ಚಿಯ ಆಕಾರವನ್ನೇ ಚಿಂತಿಸಿ ಬಾಳಿದವರನ್ನು ಬಲ್ಲವರು ವಿರಳ. ಅಮೇರಿಕೆಯ ಬಿಲ್ ಸ್ಟಂಫ್ (1936–2006) ಅಂಥವನು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ವೈದ್ಯರೊಡನೆ ಕೂಡಿ, ಜನರು ಕುಳಿತುಕೊಳ್ಳುವ ಬಗೆಯನ್ನು ಅಭ್ಯಸಿಸಿ, 1976ರಲ್ಲಿ ‘ಅರ್ಗಾನ್’ ಕುರ್ಚಿಯನ್ನು ರೂಪಿಸಿದನು. 1994ರಲ್ಲಿ ಡಾನ್ ಚಾಡ್ವಿಕ್‌ನೊಡನೆ ಮಾಡಿದ ‘ಏರಾನ್’ನಲ್ಲಿ ಮೆತ್ತೆಯೇ ಇಲ್ಲ, ಬಿಗಿದ ಜಾಲರಿ, ಆಳಿಗೆ ತಕ್ಕಂತೆ ಮೂರು ಅಳತೆ. ನಮ್ಮ ಹಗ್ಗದ ಹೊರಸಿನ ದೂರದ ನೆಂಟನೆನ್ನೋಣವೇ?

ನನ್ನ ತಂದೆಯವರು ದಿನವೂ ಮಸ್ಕಿಯಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗಿ ಕಾರಕೂನಿಕೆ ಮಾಡುವವರು. ಸಂಜೆ ಬಂದೊಡನೆ ಹೊರಸಿನ ಮೇಲೆ ಉರುಳಿ, “ಈಗ ಬೆನ್ನಿಗೆ ಜೀವ ಬಂತು” ಎನ್ನುತ್ತಾರೆ. ಸಿಂಧನೂರಿನಲ್ಲಿ ಬಡಿಗತನ ಮಾಡುವ ಪರಿಚಿತರೊಬ್ಬರನ್ನು, ಕೂಡುವವರ ಕಾಲನ್ನು ಎಂದಾದರೂ ಅಳೆದಿರಾ ಎಂದು ಕೇಳಿದೆ. “ಕಟ್ಟಿಗಿ ಅಳೀತೀನಪ್ಪ, ಮನಷ್ಯಾರನ್ನ ಯಾರು ಅಳೀತಾರ?” ಎಂದು ನಕ್ಕರು.

ಕಳೆದ ಭಾನುವಾರ ನಾನೇ ಅಳೆದೆ. ಮಂಡಿಯ ಮಡಿಕೆಯಿಂದ ನೆಲಕ್ಕೆ ಹದಿನಾರು ಇಂಚು. ಅವರ ಕಛೇರಿಯ ಕುರ್ಚಿ ಹತ್ತೊಂಬತ್ತು. ಮೂವತ್ತು ವರ್ಷ ಅವರ ಪಾದ ನೆಲ ಮುಟ್ಟಿಲ್ಲ!

ನಾನು ಎಫ್.ಡಿ.ಎ. ಪರೀಕ್ಷೆ ಬರೆದು ಅಂಥದೇ ಕುರ್ಚಿ ಹಿಡಿಯಬೇಕೆಂಬುದು ಅವರ ಆಸೆ. “ಟೇಪು ಯಾಕೋ?” ಎಂದರು. ಪ್ಯಾಂಟು ಹೊಲಿಸಲಿಕ್ಕೆ ಎಂದೆ.