ಗಾಳಿಯಿಲ್ಲದ ಊರು

ಪ್ರಾಥಮಿಕ ಶಾಲೆಯಲ್ಲಿ ನಿಬಂಧವೆಂದರೆ ಹಸುವಿನ ಮೇಲೋ ದೀಪಾವಳಿಯ ಮೇಲೋ ಹತ್ತು ವಾಕ್ಯ ಬರೆಯಿಸುವುದೆಂಬ ರೂಢಿ ಬಹುಕಾಲದಿಂದ ನಡೆದುಬಂದಿದೆ. ಹಸುವಿಗೆ ನಾಲ್ಕು ಕಾಲುಗಳಿವೆಯೆಂಬ ವಾರ್ತೆಯನ್ನು ವರ್ಷವರ್ಷವೂ ಮೂವತ್ತು ವಹಿಗಳಲ್ಲಿ ಓದಿ ದಣಿದಿದ್ದ ನಾವು, ಈ ಸಲ ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ‘ನಾನು ಚಂದ್ರಲೋಕಕ್ಕೆ ಹೋದರೆ’ ಎಂಬ ವಿಷಯವನ್ನು ಕೊಟ್ಟೆವು.

ಬರೆಯುವ ಮೊದಲು ತಿಳಿಯಬೇಕಷ್ಟೆ. ಆದುದರಿಂದ ಒಂದು ವಾರವೆಲ್ಲ ಚಂದ್ರನದೇ ಮಾತು. ಚಾಳುಗಳ ನಡುವೆ ಅಂಗೈಯಗಲದ ಆಕಾಶವನ್ನು ಕಂಡು ಬೆಳೆಯುವ ಮುಂಬಯಿಯ ಮಕ್ಕಳಿಗೂ ಚಂದ್ರನು ಅಪರಿಚಿತನಲ್ಲ; 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಅಲ್ಲಿ ಇಳಿದುದನ್ನು ಮನೆಮಂದಿಯೊಡನೆ ಕುಳಿತು ನೋಡಿದವರು ಅವರು. ಅಲ್ಲಿಗೆ ಇಲ್ಲಿಂದ ಸರಾಸರಿ 3,84,400 ಕಿಲೋಮೀಟರು ದೂರ. ಇಲ್ಲಿ 24 ಕಿಲೋ ತೂಗುವ ಬಾಲಕನು ಅಲ್ಲಿ ನಾಲ್ಕು ಕಿಲೋದಷ್ಟೇ ಹಗುರ. ಗಾಳಿಯಿಲ್ಲದುದರಿಂದ ಹಗಲಿನಲ್ಲಿಯೂ ಆಕಾಶ ಕಪ್ಪು. ಇವೆಲ್ಲವನ್ನೂ ಅವರು ಕಣ್ಣರಳಿಸಿ ಕೇಳಿದರು. ಆದರೆ ಅವರಿಗೆ ಅತ್ಯಂತ ಸೋಜಿಗವೆನಿಸಿದುದು ಅಲ್ಲಿಯ ನಿಶ್ಶಬ್ದ. ಶಬ್ದವು ಕಿವಿಗೆ ಬಂದು ಮುಟ್ಟಲು ನಡುವೆ ಗಾಳಿ ಬೇಕು. ಅದಿಲ್ಲದೆಡೆ ಎದುರಿಗೆ ನಿಂತು ಕೂಗಿದರೂ ಕೇಳದು. 1969ರಲ್ಲಿ ಅಲ್ಲಿ ನಡೆದಾಡಿದ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಪರಸ್ಪರ ಮಾತನಾಡಿದುದು ರೇಡಿಯೋದ ಮೂಲಕ ಎಂದಾಗ, “ಪಕ್ಕದಲ್ಲೇ ಇದ್ದರೂ?” ಎಂದು ಹತ್ತು ಕಂಠಗಳು ಒಮ್ಮೆಲೆ ಕೇಳಿದವು.

ನಿಬಂಧಗಳು ಬಂದವು. ಒಬ್ಬನು ಚಂದ್ರನಲ್ಲಿ ವಡಾಪಾವಿನ ಅಂಗಡಿ ತೆರೆದಿದ್ದನು. ಅಲ್ಲಿ ಲೋಕಲ್ ಗಾಡಿಯ ಗರ್ದಿಯಿಲ್ಲದ ಕಾರಣ ಅಪ್ಪ ಬೇಗನೆ ಮನೆಗೆ ಬರುವರೆಂದು ಒಬ್ಬಳು ಬರೆದಿದ್ದಳು. ವಿಜಯಪುರ ಜಿಲ್ಲೆಯ ಹಳ್ಳಿಯೊಂದರಿಂದ, ಕಟ್ಟಡದ ಕೆಲಸಕ್ಕೆಂದು ಬಂದ ತಂದೆತಾಯಿಗಳೊಡನೆ ಈ ಊರಿಗೆ ಬಂದು, ಜೂನ್ ತಿಂಗಳಲ್ಲಿ ನಮ್ಮ ಶಾಲೆಯನ್ನು ಸೇರಿದ ಬಾಲಕನ ವಹಿಯಲ್ಲಿ ಇದ್ದುದು ನಾಲ್ಕೇ ಸಾಲು:

“ನಾ ಚಂದ್ರನ ಮ್ಯಾಲ ಹೋಗಾಂವ. ಅಲ್ಲಿ ಗಾಳಿ ಇಲ್ಲ. ಯಾರ ಏನಂದ್ರೂ ಕೇಳಸಂಗಿಲ್ಲ. ಅದಕ್ಕ ಹೋಗಾಂವ.”

ಕರೆದು ಕೇಳಿದರೆ ತುಟಿ ಬಿಚ್ಚಲಿಲ್ಲ. ಹೇಳಿದವಳು ಅವನ ಪಕ್ಕದ ಬಾಕಿನ ಹುಡುಗಿ. ಅವನು ‘ಬರಾಕತ್ತೀನಿ’ ಎಂದರೆ ಸಾಕು, ಮೂವರು ಅದನ್ನು ರಾಗವೆಳೆದು ಅನ್ನುವರು. ನೀರಿನ ನಳದ ಮುಂದೆ ಸಾಲುಗಟ್ಟಿ ನಿಂತವರೆಲ್ಲ ನಗುವರು. ದೀಪಾವಳಿಯ ರಜೆ ಕಳೆದ ಮೇಲೆ ಅವನು ನಳದ ಕಡೆಗೆ ಹೋಗುವುದನ್ನೇ ಬಿಟ್ಟು, ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಇರುತ್ತಿದ್ದನಂತೆ. ಅಣಕಿಸಿದವರ ಕನ್ನಡವಾದರೂ ಎಂತಹುದು? ಅರ್ಧ ಮರಾಠಿ, ಅರ್ಧ ಹಿಂದಿ!

“ಮಕ್ಕಳ ಚೇಷ್ಟೆ, ನಾವೂ ಇದನ್ನೆಲ್ಲ ಉಂಡೇ ಬೆಳೆದವರು” ಎನ್ನುವ ಹಿರಿಯರಿದ್ದಾರೆ. ಈ ಮಾತು ನಮಗೆ ಒಪ್ಪಿಗೆಯಿಲ್ಲ. ಚೇಷ್ಟೆಯಲ್ಲಿ ಇಬ್ಬರೂ ನಗುತ್ತಾರೆ. ದಿನದಿನವೂ ಒಬ್ಬನನ್ನೇ ಆರಿಸಿ ಹಲವರು ಚುಚ್ಚುವುದು ಪೀಡೆ. ಹಾಗೆಂದು ಆ ಮೂವರನ್ನು ಬಾಕಿನ ಮೇಲೆ ನಿಲ್ಲಿಸಿ ನಾಚಿಸುವುದೂ ನಮಗೆ ಸರಿಯೆನಿಸಲಿಲ್ಲ. ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಕೊಡಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಹೇಳುತ್ತದೆ. ಅದು ಪೀಡಿಸಿದವರಿಗೂ ಸಲ್ಲತಕ್ಕದ್ದು. ಫಿನ್ಲೆಂಡ್ ದೇಶದ ತುರ್ಕು ವಿಶ್ವವಿದ್ಯಾಲಯದವರು ಶಾಲೆಗಳಿಗಾಗಿ ರೂಪಿಸಿದ ‘ಕಿವಾ’ ಎಂಬ ಯೋಜನೆಯಲ್ಲಿ ಪೀಡಿಸುವವನಿಗಿಂತ ಸುತ್ತ ನಿಂತು ನೋಡುವವರತ್ತ ಹೆಚ್ಚು ಗಮನ. ನಮಗೆ ಈ ದಾರಿ ಹಿಡಿಸಿತು.

ಯಾರ ಹೆಸರನ್ನೂ ಎತ್ತದೆ ವರ್ಗವನ್ನು ಕೇಳಿದೆವು: ಚಂದ್ರನಲ್ಲಿ ಒಬ್ಬನು ಇನ್ನೊಬ್ಬನನ್ನು ಅಣಕಿಸಿದರೆ ಏನಾದೀತು? “ಯಾರೂ ನಗುವುದು ಕೇಳಿಸುವುದಿಲ್ಲ, ಅವನಿಗೇ ಬೇಜಾರಾಗಿ ಬಿಡುತ್ತಾನೆ” ಎಂದಳು ಒಬ್ಬಳು. ಹಿಂದಿನ ಬಾಕುಗಳಲ್ಲಿ ಕೆಲವು ತಲೆಗಳು ತಗ್ಗಿದವು. ಮರುದಿನದಿಂದ ಇಬ್ಬರು ಹುಡುಗರು, ನಮ್ಮ ಕೋರಿಕೆಯಂತೆ, ಅವನೊಡನೆ ನಳಕ್ಕೆ ಹೋಗತೊಡಗಿದರು. ಇಷ್ಟರಿಂದಲೇ ಬಹಳ ಹಗುರಾಯಿತು. ‘ಹೋಗುತ್ತಿದ್ದೇನೆ’ ಎಂಬುದಕ್ಕೆ ತಮ್ಮ ತಮ್ಮ ಮನೆಯಲ್ಲಿ ಏನೆನ್ನುವರೆಂದು ಬರೆದು ತರಲು ಹೇಳಿದಾಗ ಫಲಕವೆಲ್ಲ ತುಂಬಿತು. ‘ಹೊಂಟೀನಿ’ಯ ಪಕ್ಕದಲ್ಲಿ ತುಳುವಿನ ‘ಪೋವೊಂದುಲ್ಲೆ’ಯನ್ನು ಬರೆದವನು ಆ ಮೂವರಲ್ಲೊಬ್ಬ. ಇಬ್ಬರು ಬೇಗನೆ ಸುಮ್ಮನಾದರು. ಮೂರನೆಯವನ ನಾಲಗೆ ಇಂದಿಗೂ ಆಗಾಗ ತುರಿಸುವುದುಂಟು. ಅವನ ಮೇಲೆ ನಮ್ಮದೊಂದು ಕಣ್ಣಿದೆ.

ಪರೀಕ್ಷೆಗೆ ಮುನ್ನ ಅದೇ ನಿಬಂಧವನ್ನು ತಿದ್ದಿ ಬರೆಯಲು ಕೊಟ್ಟೆವು. ಆ ಬಾಲಕನು ಚಂದ್ರನಿಗೆ ಹೋಗುವ ವಿಚಾರವನ್ನು ಕೈಬಿಟ್ಟಿರಲಿಲ್ಲ. ಆದರೆ ಈ ಸಲ ಸಾಲುಗಳು ಹನ್ನೊಂದು. ಕೊನೆಯಲ್ಲಿ, ತಾನು ಒಂದು ರೇಡಿಯೋ ಒಯ್ಯುವುದಾಗಿಯೂ, ಅದರಲ್ಲಿ ಅವ್ವ ಮತ್ತು ನಳಕ್ಕೆ ಜೊತೆಯಾದ ಆ ಇಬ್ಬರಷ್ಟೇ ಮಾತನಾಡಬಹುದೆಂದೂ ಬರೆದಿದ್ದನು.