ಸಿಂಕಿನ ನಲ್ಲಿ, ಅಮ್ಮನ ಭುಜ

5 ಲೀಟರಿನ ಅಲ್ಯೂಮಿನಿಯಂ ಕುಕ್ಕರ್ ಮುಚ್ಚಳ ಬಿಟ್ಟು ಒಂದೂವರೆ ಕೆ.ಜಿ. ಹತ್ತಿರ ತೂಗುತ್ತೆ. ಅದಕ್ಕೆ ಅರ್ಧ ನೀರು ತುಂಬಿ, ತಳಕ್ಕೆ ಅಂಟಿದ ಬೇಳೆ ನೆನೆಯೋಕೆ ಬಿಟ್ಟು, ಆಮೇಲೆ ಎತ್ತಿ ಬಗ್ಗಿಸಿ ಚೆಲ್ಲಿ, ಮತ್ತೆ ನಲ್ಲಿ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ತೊಳೀಬೇಕು. ಎರಡೂ ಕೈ ನೆಟ್ಟಗಿರೋರಿಗೆ ಇದು ಲೆಕ್ಕಕ್ಕೆ ಬರೋ ಕೆಲಸವೇ ಅಲ್ಲ. ಕಳೆದ ವರ್ಷ ಬಲಭುಜ ಹಿಡ್ಕೊಂಡ ಮೇಲೆ ನಮ್ಮಮ್ಮನಿಗೆ ಅದೇ ದಿನದ ದೊಡ್ಡ ಕೆಲಸ ಆಗಿಬಿಟ್ಟಿತ್ತು.

ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆ ಇರೋರಿಗೆ ಇದು ಜಾಸ್ತಿ ಕಾಡುತ್ತೆ, ಅಮ್ಮನಿಗೆ ಹತ್ತು ವರ್ಷದಿಂದ ಶುಗರ್ ಇದೆ. ಜಡೆ ಹಾಕ್ಕೊಳ್ಳೋಕೆ ಕೈ ಹಿಂದಕ್ಕೆ ಹೋಗ್ತಿರಲಿಲ್ಲ. ಫಿಸಿಯೋಥೆರಪಿಸ್ಟ್ ದಿನಕ್ಕೆರಡು ಸಲ ಮಾಡೋ ವ್ಯಾಯಾಮ ಹೇಳಿಕೊಟ್ಟರು, ಜೊತೆಗೆ ಭಾರ ಎತ್ತಬೇಡಿ ಅಂದರು. ಪಾತ್ರೆ ನಾವು ತೊಳೀತೀವಿ, ನೀನು ಕೂತ್ಕೋ ಅಂತ ನಾನೂ ನನ್ನ ಗಂಡನೂ ಹೇಳಿದ್ದೇ ಬಂತು. ನಾವಿಬ್ಬರೂ ಲ್ಯಾಪ್‌ಟಾಪ್ ಮುಂದೆ ಮೀಟಿಂಗಲ್ಲಿ ಕೂತಾಗ ಅಡುಗೆಮನೆಯಿಂದ ಪಾತ್ರೆ ಸದ್ದು. ಹೋಗಿ ನೋಡಿದರೆ ಎಡಗೈಲಿ ಕುಕ್ಕರ್ ಸಿಂಕಿನ ಅಂಚಿಗೆ ಒತ್ತಿ ಹಿಡ್ಕೊಂಡು, ಹಲ್ಲು ಕಚ್ಚಿ ತೊಳೀತಿರೋಳು.

‘ಮಗಳ ಮನೇಲಿ ಕೂತುಣ್ಣೋಕೆ ಬಂದಿದೀನೇನೇ ನಾನು?’

ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆ ಬೆಂಗಳೂರಲ್ಲಿದ್ದಾಳೆ. ಅಳಿಯನ ಮನೆ ಅನ್ನೋ ಸಂಕೋಚ ಅವಳಿಗಿನ್ನೂ ಹೋಗಿಲ್ಲ. ಅಡುಗೆಮನೆಯಲ್ಲಿ ಕೈಯಾಡಿಸುವವರೆಗೆ ಮಾತ್ರ ಈ ಮನೆಯಲ್ಲಿ ತನಗೊಂದು ಜಾಗ ಅಂತ ಅವಳ ಲೆಕ್ಕ. ಕೆಲಸದವರನ್ನು ಇಟ್ಟುಕೊಳ್ಳೋಣ ಅಂದ ದಿನ ಅರಸೀಕೆರೆ ರೈಲಿನ ಟೈಮ್ ಕೇಳಿದಳು. ಅಲ್ಲಿ ಬೀಗ ಹಾಕಿದ ಮನೆ ಬಿಟ್ಟರೆ ಯಾರೂ ಇಲ್ಲ. ಹಾಗಾಗಿ ಸಿಂಕನ್ನು ಅಮ್ಮನಿಂದ ಕಿತ್ಕೊಳ್ಳೋ ಮಾತು ನಾನು ಅಲ್ಲಿಗೇ ಬಿಟ್ಟೆ. ಪಾತ್ರೆ ನಲ್ಲಿ ಹತ್ತಿರ ಹೋಗೋಕೆ ಆಗಲ್ಲ ಅಂದರೆ ನೀರೇ ಪಾತ್ರೆ ಹತ್ತಿರ ಬರಲಿ. ಸ್ಪ್ರೇ ಇರೋ ನಲ್ಲಿ ಹುಡುಕೋಕೆ ಶುರು ಮಾಡಿದ್ದು ಹೀಗೆ.

ಶೋರೂಮಿಗೆ ಹೋದರೆ ಅದೊಂದು ಬೇರೆಯದೇ ಲೋಕ. ಹಂಸದ ಕತ್ತಿನ ಹಾಗೆ ಬಾಗಿದ ನಲ್ಲಿ. ತುದಿ ಹಿಡಿದು ಎಳೆದರೆ ಒಳಗಿಂದ ಉದ್ದನೆ ಪೈಪ್ ಬರುತ್ತೆ, ಬಿಟ್ಟರೆ ಸಿಂಕ್ ಕೆಳಗಿರೋ ತೂಕದ ಗುಂಡು ಅದನ್ನು ವಾಪಸ್ ಎಳ್ಕೊಳ್ಳುತ್ತೆ. ನನಗಂತೂ ತುಂಬಾ ಇಷ್ಟ ಆಯ್ತು. ಸೇಲ್ಸ್‌ನವರು ಬಟನ್ ಒತ್ತಿ ತೋರಿಸಿದಾಗ ನೀರು ಜಲಪಾತದ ಥರ ಧುಮುಕಿತು. ಆದರೆ ಆ ನಲ್ಲಿಗೆ ಕೆಳಗೆ ಪಂಪ್ ಜೋಡಿಸಿದ್ದರು. ನಮ್ಮನೆಯಲ್ಲಿ ಪಂಪ್ ಎಲ್ಲಿ ಬಂತು?

ನೀವೂ ಬಾಡಿಗೆ ಮನೆಯ ಮೇಲಿನ ಮಹಡಿಯಲ್ಲಿದ್ದರೆ ಈ ಲೆಕ್ಕ ಸ್ವಲ್ಪ ನೋಡಿ. 10 ಮೀಟರ್ ಎತ್ತರದಿಂದ ಇಳಿಯೋ ನೀರಿಗೆ ಸುಮಾರು 1 ಬಾರ್ ಒತ್ತಡ. ನಮ್ಮದು ಎರಡನೇ ಮಹಡಿ, ತಲೆ ಮೇಲೇ ತಾರಸಿ. ಸ್ಟ್ಯಾಂಡ್ ಮೇಲಿರೋ ಟ್ಯಾಂಕಿನ ತಳಕ್ಕೂ ಸಿಂಕಿನ ನಲ್ಲಿಗೂ ಟೇಪ್ ಹಿಡಿದು ಲೆಕ್ಕ ಹಾಕಿದರೆ ಮೂರೂವರೆ ಮೀಟರ್. ಅಂದರೆ 0.35 ಬಾರ್, ಪೈಪಿನ ತಿರುವುಗಳಲ್ಲಿ ಕಳ್ಕೊಂಡು ಅದಕ್ಕಿಂತ ಕಡಿಮೆಯೇ. ಅದೇ ಕಟ್ಟಡದ ನೆಲಮಹಡಿಯವರಿಗೆ ಹತ್ತಿರ ಹತ್ತಿರ 1 ಬಾರ್ ಸಿಗುತ್ತೆ. ನಾನು ಇಷ್ಟಪಟ್ಟ ನಲ್ಲಿಯ ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಕನಿಷ್ಠ ಒತ್ತಡ 1 ಬಾರ್ ಅಂತಿತ್ತು. ಬಣ್ಣ, ಫಿನಿಶಿಂಗ್, ವಾರಂಟಿ ಎಲ್ಲಾ ದೊಡ್ಡದಾಗಿ ಹಾಕ್ತಾರೆ. ಇದನ್ನು ಮಾತ್ರ ನಾವೇ ಹುಡುಕ್ಕೋಬೇಕು.

ಇನ್ನೊಂದು ತೊಡಕು ತೂತಿನದು. ಆ ಥರದ ನಲ್ಲಿ ಗ್ರಾನೈಟ್ ಮೇಲೋ ಸಿಂಕ್ ಮೇಲೋ ಕೂರುತ್ತೆ, ಅದಕ್ಕೆ ಸಾಮಾನ್ಯವಾಗಿ 35 ಮಿ.ಮೀ. ತೂತು ಬೇಕು. ನಮ್ಮಲ್ಲಿ ಹಳೇ ಬಾಡಿಗೆ ಮನೆಗಳಲ್ಲಿ ನಲ್ಲಿ ಬರೋದು ಗೋಡೆಯಿಂದ. ಓನರ್ ಅಂಕಲ್‌ಗೆ ಫೋನ್ ಮಾಡಿದೆ. ‘ಕಲ್ಲು ಕೊರೆಯೋದು ಗಿರೆಯೋದು ಬೇಡಮ್ಮ. ಗೋಡೆ ನಲ್ಲಿ ಬೇಕಾದರೆ ಬದಲಾಯಿಸ್ಕೊಳ್ಳಿ, ಹೋಗುವಾಗ ನಮ್ಮದು ನಮಗೆ ಹಾಕ್ಕೊಡಿ’ ಅಂದರು. ನ್ಯಾಯವೇ. ಪ್ರೆಶರ್ ಪಂಪ್ ಹಾಕಿಸೋ ಮಾತು ನಾನು ಎತ್ತಲೇ ಇಲ್ಲ. ಬಾಡಿಗೆ ಮನೆಗೆ ಅಷ್ಟು ಖರ್ಚು, ಮೇಲೆ ಆ ಸದ್ದು.

ಉಳಿದಿದ್ದು ಎರಡು ದಾರಿ. ಇರೋ ನಲ್ಲಿ ಮೂತಿಗೇ ತಿರುಪಿ ಹಾಕೋ ಪುಟ್ಟ ಸ್ಪ್ರೇ ತಲೆ ಒಂದು. ಅದು ಅಗ್ಗ, ಹತ್ತು ನಿಮಿಷದ ಕೆಲಸ. ಆದರೆ ಅದು ನಿಂತಲ್ಲೇ ತಿರುಗುತ್ತೆಯೇ ಹೊರತು ಪಾತ್ರೆ ಹತ್ತಿರ ಬರಲ್ಲ. ಇನ್ನೊಂದು, ಗೋಡೆಗೇ ಕೂರೋ, ರಬ್ಬರಿನಂಥ ಸಿಲಿಕೋನ್ ಕತ್ತಿನ ನಲ್ಲಿ. ಬೇಕಾದ ಕಡೆ ಬಗ್ಗಿಸಬಹುದು, ತುದಿಯಲ್ಲಿ ಧಾರೆಗೂ ಸ್ಪ್ರೇಗೂ ಒಂದೇ ಗುಂಡಿ. ನೋಡೋಕೆ ಅಷ್ಟೇನೂ ಚೆಂದ ಇಲ್ಲ, ಆನೆ ಸೊಂಡಿಲಿನ ಹಾಗೆ. ನಾನು ಆರಿಸಿದ್ದು ಅದನ್ನೇ.

ಅಂಗಡಿಗೆ ಅಮ್ಮನನ್ನೇ ಕರ್ಕೊಂಡು ಹೋದೆ. ಆನ್‌ಲೈನಲ್ಲಿ ನೂರು ರಿವ್ಯೂ ಓದಿದ್ದರೂ ಅಲ್ಲಿ ಗೊತ್ತಾಗದ ಒಂದು ವಿಷಯ ಅಮ್ಮನ ಹೆಬ್ಬೆರಳು ಒಂದೇ ನಿಮಿಷದಲ್ಲಿ ಹೇಳಿತು. ಕೆಲವು ಸ್ಪ್ರೇಗಳ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತೆ, ಬಿಟ್ಟರೆ ಮತ್ತೆ ಧಾರೆ. ‘ಇದನ್ನ ಒತ್ತಿಕೊಂಡೇ ನಿಂತ್ಕೋಬೇಕಾದ್ರೆ ಪಾತ್ರೆ ಯಾರು ಹಿಡೀತಾರೆ, ನೀನಾ?’ ಅಂದಳು. ಒಂದು ಸಲ ಒತ್ತಿದರೆ ಹಾಗೇ ನಿಲ್ಲೋ ಗುಂಡಿಯ ನಲ್ಲಿ ತಗೊಂಡ್ವಿ. ಹಿಡಿ ಕೂಡ ತಿರುಚೋ ಥರದ್ದಲ್ಲ, ಮೊಣಕೈಯಲ್ಲೂ ತಳ್ಳಬಹುದಾದ ಕಾಲು ಸುತ್ತಿನ ಲಿವರ್. ಒಳಗೆ ವಾಷರ್ ಬದಲು ಸೆರಾಮಿಕ್ ಡಿಸ್ಕ್ ಇರೋದರಿಂದ ಬಿಗಿಯಾಗಿ ತಿರುಗಿಸೋ ಕಷ್ಟ ಇಲ್ಲ. ಮೈ ಹಿತ್ತಾಳೆಯದ್ದೇ ಕೇಳಿ ತಗೊಂಡೆ. ಕೈಲಿ ಹಿಡಿದರೆ ತೂಕದಲ್ಲೇ ಗೊತ್ತಾಗುತ್ತೆ, ಕ್ರೋಮ್ ಬಳಿದ ಪ್ಲಾಸ್ಟಿಕ್ ಹಗುರ. ಎತ್ತರದ ಬಗ್ಗೆ ಅಂಗಡಿಯವರು ಹೇಳಿದ ಮಾತೂ ಉಪಯೋಗಕ್ಕೆ ಬಂತು: ನಿಮ್ಮನೆ ಅತಿ ಎತ್ತರದ ಪಾತ್ರೆ ಸಿಂಕಲ್ಲಿಟ್ಟು, ಅದರ ಬಾಯಿಂದ ಒಂದು ಗೇಣು ಮೇಲಿದ್ದರೆ ಸಾಕು. ಅದಕ್ಕಿಂತ ಮೇಲೆ ಹೋದರೆ ನೀರೆಲ್ಲಾ ಸೀರೆ ಮೇಲೆ.

ಪ್ಲಂಬರ್ ಅಣ್ಣ ಬಂದು ಟೆಫ್ಲಾನ್ ಟೇಪ್ ಸುತ್ತಿ ಅರ್ಧ ಗಂಟೆಯಲ್ಲಿ ಕೂರಿಸಿಬಿಟ್ಟ. ಹೋಗುವಾಗ ಒಂದು ಮಾತು ಹೇಳಿದ: ‘ಸ್ಪ್ರೇ ಮೂತಿ ಸಿಂಕಿನ ಎಂಜಲು ನೀರಲ್ಲಿ ಮುಳುಗಿರೋ ಹಾಗೆ ಬಿಡಬೇಡಿ ಮೇಡಂ.’ ಕಾರಣ ಇದೆ. ಟ್ಯಾಂಕ್ ಖಾಲಿಯಾಗಿಯೋ, ಕೆಳಗೆ ಬೇರೆ ನಲ್ಲಿ ಜೋರಾಗಿ ತೆರೆದೋ ಲೈನಲ್ಲಿ ಒತ್ತಡ ಬಿದ್ದರೆ ಆ ಕೊಳೆ ನೀರು ಪೈಪಿನೊಳಕ್ಕೆ ಎಳ್ಕೊಳ್ಳೋ ಸಾಧ್ಯತೆ ಇರುತ್ತೆ. ಎಳೆಯೋ ಪೈಪಿನ ನಲ್ಲಿ ತಗೊಳ್ಳೋರು ನಾನ್ ರಿಟರ್ನ್ ವಾಲ್ವ್ ಇದೆಯಾ ಅಂತ ಕೇಳಿಯೇ ತಗೊಳ್ಳಿ.

ಮೊದಲ ವಾರ ಅಮ್ಮ ಅದನ್ನು ಮುಟ್ಟಲಿಲ್ಲ ಅಂತಲೇ ಹೇಳಬೇಕು. ಚೊಂಬಲ್ಲಿ ನೀರು ಹಿಡ್ಕೊಂಡು ಪಾತ್ರೆ ಮೇಲೆ ಸುರ್ಕೊಳ್ಳೋಳು. ನೋವಿಗೆ ಅಂದ್ಕೊಂಡೆ, ಅಲ್ಲ. ‘ಇಷ್ಟು ಜೋರಾಗಿ ಚಿಮ್ಮುತ್ತೆ, ನೀರು ದಂಡ’ ಅನ್ನೋದು ಅವಳ ಆಕ್ಷೇಪ. 2024ರ ಬೇಸಿಗೆ ಅವಳು ಇಲ್ಲೇ ಇದ್ದಳು. ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದು, ಬಕೆಟ್ ಲೆಕ್ಕದಲ್ಲಿ ಸ್ನಾನ ಮಾಡಿದ ದಿನಗಳು. ಜಲಮಂಡಳಿಯವರು ಹೋಟೆಲ್, ಮಾಲ್‌ಗಳ ನಲ್ಲಿಗೆ ಏರಿಯೇಟರ್ ಕಡ್ಡಾಯ ಮಾಡಿದ್ದೂ ಆಗಲೇ. ಆ ಭಯಕ್ಕೆ ನನ್ನ ಮಾತು ಸಾಲದು ಅಂತ 1 ಲೀಟರ್ ಜಗ್ ಇಟ್ಟು ಮೊಬೈಲಲ್ಲಿ ಸ್ಟಾಪ್‌ವಾಚ್ ಹಾಕಿದೆ. ಧಾರೆಯಲ್ಲಿ ಜಗ್ ತುಂಬೋಕೆ 6 ಸೆಕೆಂಡ್. ಸ್ಪ್ರೇಯಲ್ಲಿ 11. ಅಂದರೆ ಒಂದು ನಿಮಿಷ ಬಿಟ್ಟರೆ 10 ಲೀಟರ್ ಹೋಗೋ ಕಡೆ ಐದೂವರೆ.

ಅಮ್ಮ ನಂಬಲಿಲ್ಲ. ‘ನೀನು ಪೂರ್ತಿ ತಿರುಗಿಸಿಲ್ಲ’ ಅಂತ ತಾನೇ ಲಿವರ್ ತಳ್ಳಿ, ತಾನೇ ಎಣಿಸಿದಳು. ಹತ್ತಾದ ಮೇಲೆ ಎಣಿಸೋದು ನಿಲ್ಲಿಸಿ, ‘ಸರಿ, ಇರಲಿ’ ಅಂದಳು. ಅವತ್ತು ಸಂಜೆ ಮುದ್ದೆ ಪಾತ್ರೆ ಸಿಂಕಲ್ಲೇ ಓರೆಯಾಗಿ ಇಟ್ಟು, ಎಡಗೈಯಲ್ಲಿ ಸೊಂಡಿಲು ಬಗ್ಗಿಸಿ, ಎತ್ತದೆಯೇ ತೊಳೆದಿದ್ದನ್ನು ನಾನು ಬಾಗಿಲಲ್ಲೇ ನಿಂತು ನೋಡಿದೆ. ಇಡ್ಲಿ ತಟ್ಟೆಯ ಗುಳಿಗಳಿಗೆ ಸ್ಪ್ರೇ, ಪಾತ್ರೆ ತುಂಬಿಸೋಕೆ ಧಾರೆ. ಸೊಪ್ಪಿಗೆ ಮಾತ್ರ ಈಗಲೂ ಪಾತ್ರೆಯಲ್ಲಿ ಮೂರು ನೀರು. ಮಣ್ಣು ತಳಕ್ಕೆ ಇಳೀಬೇಕಂತೆ, ಚಿಮ್ಮಿಸಿದರೆ ಹೋಗಲ್ಲವಂತೆ. ಅದರಲ್ಲಿ ಅವಳ ಮಾತೇ ಸರಿ.

ತಕರಾರು ಇಲ್ಲ ಅಂತಲ್ಲ. ಬೋರ್ ನೀರಿನ ಗಡಸಿಗೆ ಮೂರು ವಾರಕ್ಕೆ ಸ್ಪ್ರೇ ತೂತುಗಳಲ್ಲಿ ಬಿಳಿ ಪೊರೆ ಕಟ್ಟಿ, ಎಳೆಗಳು ದಿಕ್ಕಾಪಾಲಾಗಿ ಚಿಮ್ಮುತ್ತೆ. ತೂತಿನ ತುದಿ ಸಿಲಿಕೋನಿನದಾಗಿರೋದರಿಂದ ಹೆಬ್ಬೆರಳಲ್ಲಿ ತಿಕ್ಕಿದರೆ ಉದುರುತ್ತೆ. ಅದಕ್ಕೂ ಬಗ್ಗದಿದ್ದರೆ ಹುಳಿ ಹಿಂಡಿದ ನಿಂಬೆ ಹೋಳು. ಕತ್ತು ಈಗೀಗ ಸ್ವಲ್ಪ ಜೋಲುತ್ತಿದೆ, ಇನ್ನೆರಡು ವರ್ಷ ಬಂದರೆ ಹೆಚ್ಚು. ಸ್ವಂತ ಮನೆಯಾಗಿ, ಒತ್ತಡವೂ ಇದ್ದಿದ್ದರೆ ಆ ಹಂಸದ ಕತ್ತಿನದನ್ನೇ ಹಾಕಿಸ್ತಿದ್ದೆ.

ಅಮ್ಮನ ಕೈ ಈಗ ಕಿವಿಯವರೆಗೆ ಬರುತ್ತೆ, ಜಡೆಗೆ ಇನ್ನೂ ನಾನೇ ಬೇಕು. ರಾತ್ರಿ ಊಟದ ಪಾತ್ರೆ ನನ್ನ ಗಂಡನ ಪಾಲಿಗೆ ಬಿಟ್ಟುಕೊಟ್ಟಿದ್ದಾಳೆ, ಬೆಳಗಿನದನ್ನು ಬಿಡಲ್ಲ. ಓನರ್ ಅಂಕಲ್ ಅವರ ಹಳೇ ನಲ್ಲಿಯನ್ನು ತೊಳೆದು, ಒರೆಸಿ, ಹೊಸ ವಾಷರ್ ಜೊತೆಗೆ ಕವರಿಗೆ ಹಾಕಿ ಅಟ್ಟದ ಮೇಲಿಟ್ಟವಳೂ ಅವಳೇ. ಮೇಲೆ ಚೀಟಿ ಅಂಟಿಸಿದ್ದಾಳೆ: ‘ಇದು ಮನೆಯವರದ್ದು, ಗುಜರಿಗೆ ಹಾಕಬೇಡಿ.’